ಲಾಂಛನದ ಬಲಗಡೆ

೧೩ ಜನವರಿ ೧೯೭೪, ಭಾನುವಾರ

ಪಾದ್ರಿಗಳು ಹೇಳಿದರೆಂದು ಬರೆಯಲು ಕೂತಿದ್ದೇನೆ. "ಆಲ್ವೀನಮ್ಮ, ದಿನಾ ಒಂದಾದ್ರೂ ಒಳ್ಳೇದನ್ನ ನೆನೆಸ್ಕೊಂಡು ದೇವರಿಗೆ ವಂದನೆ ಅಂತ ಬರೆದಿಡಿ, ಮನಸ್ಸು ಹಗುರಾಗುತ್ತೆ" ಅಂದರು. ಹೇಳುವವರಿಗೇನು, ಹೇಳಿ ಟೋಪಿ ಹಾಕಿಕೊಂಡು ಹೋದರು. ಒಟ್ಮಾರನನ್ನು ಹಾಸಿಗೆಯಿಂದ ಎತ್ತುವವಳು ನಾನು.

ಒಟ್ಮಾರ್ ನನ್ನ ಗಂಡ, ಹಾಸೆಲ್‌ರೋಡೆ ಊರಿನ ಮೇಯರು. ಕಡೆಯ ಮೇಯರು ಅನ್ನಬೇಕು, ಯಾಕೆಂದರೆ ಹೊಸ ವರ್ಷದಿಂದ ಹಾಸೆಲ್‌ರೋಡೆ ಎಂಬ ಊರೇ ಇಲ್ಲ. ಸರ್ಕಾರದವರು ಸಣ್ಣ ಊರುಗಳನ್ನೆಲ್ಲ ಒಟ್ಟುಗೂಡಿಸುತ್ತಾ ಬಂದು ನಮ್ಮನ್ನು ಹೊಳೆಯಾಚೆಯ ಎಲ್ಮೆನ್‌ಬಾಖ್ ಪಟ್ಟಣಕ್ಕೆ ಗಂಟು ಹಾಕಿದರು. ಲೋಕದಲ್ಲಿ ಬೇರೆ ಊರೇ ಸಿಗಲಿಲ್ಲವೇ! ನವೆಂಬರಿನಲ್ಲಿ ಆ ಕಾಗದಕ್ಕೆ ಸಹಿ ಹಾಕಿ ಮನೆಗೆ ಬಂದವನು ಬೂಟು ಬಿಚ್ಚಲು ಬಗ್ಗಿದ, ಬಗ್ಗಿದವನು ಏಳಲಿಲ್ಲ. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಉಳಿದಿರುವುದು ಒಂದೇ ಮಾತು, "ಬೇಡ". ಕಾಫಿ ಬೇಕಾ ಅಂದರೆ ಬೇಡ, ಕಿಟಕಿ ತೆಗೆಯಲಾ ಅಂದರೆ ಬೇಡ. ಬೇಡ ಅನ್ನುತ್ತಲೇ ಕಾಫಿ ಕುಡಿಯುತ್ತಾನೆ. ಅದಕ್ಕೆ ಅರ್ಥ ಕಟ್ಟಬೇಡಿ, ಬಾಯಿಗೆ ಬರುವ ಶಬ್ದ ಅದೊಂದೇ ಅಂತ ಡಾಕ್ಟರು ಹೇಳಿದ್ದಾರೆ.

ಸಹಿ ಹಾಕುವ ಮುಂಚೆ ಅವನು ಆಚೆ ದಡದವರ ಹತ್ತಿರ ಒಂದೇ ಒಂದನ್ನು ಕೇಳಿ ಪಡೆದಿದ್ದ. ಹೊಸ ಪಟ್ಟಣಕ್ಕೆ ಹೊಸ ಲಾಂಛನ ಮಾಡಬೇಕಲ್ಲ, ಅದರಲ್ಲಿ ಅವರ ಸೌಟೂ ಇರಲಿ, ನಮ್ಮ ಹೇಜಲ್ ಮರದ ಕೊಂಬೆಯೂ ಇರಲಿ, ಆದರೆ ಬಲಗಡೆ, ಅಂದರೆ ಮರ್ಯಾದೆಯ ಕಡೆ, ನಮ್ಮದಾಗಬೇಕು. "ಹೆಸರು ಹೋಯ್ತು ಆಲ್ವೀನ, ಬಲಗಡೆನಾದ್ರೂ ಉಳಿಸಿದೆ" ಅಂತ ಬಾಗಿಲಲ್ಲೇ ಹೇಳಿದ್ದ. ಅವನ ಬಾಯಿಂದ ಬಂದ ಕಡೆಯ ನೆಟ್ಟಗಿನ ಮಾತು ಅದು. ಸಮಿತಿಯಲ್ಲಿ ಅವನ ಕುರ್ಚಿಗೆ ಈಗ ನಾನು ಹೋಗಬೇಕಂತೆ. ಹೋಗುತ್ತೇನೆ. ಆ ಬಲಗಡೆಯನ್ನು ಯಾರು ಕಿತ್ತುಕೊಳ್ಳುತ್ತಾರೋ ನೋಡುತ್ತೇನೆ.

ಇವತ್ತಿನ ವಂದನೆ: ಒಲೆ ಚೆನ್ನಾಗಿ ಉರಿಯಿತು.

೧೬ ಜನವರಿ

ಬೆಳಿಗ್ಗೆ ಹಾಲಿಗೆ ಹೋಗೋಣವೆಂದು ಬಾಗಿಲು ತೆಗೆದರೆ ಹಿಡಿಯ ಮೇಲೆ ಒಂದು ಸೌಟು ತೂಗುತ್ತಿದೆ! ಹಿತ್ತಾಳೆಯದು, ಉದ್ದ ಹಿಡಿಯದು, ಥೇಟ್ ಅವರ ಲಾಂಛನದ ಸೌಟು. ಮೈಯೆಲ್ಲ ಉರಿದುಹೋಯಿತು. ಚಿಕ್ಕಂದಿನಿಂದ ನಾವು ಅವರನ್ನು "ಸೌಟುಗಳ್ಳರು" ಅಂತ ಆಡಿಕೊಂಡವರು, ಅವರು ನಮ್ಮನ್ನು ಹೇಜಲ್ ಕಾಯಿ ಮೆಲ್ಲುವ "ಅಳಿಲುಗಳು" ಅಂತ ಆಡಿಕೊಂಡವರು. ಈಗ ಊರು ನುಂಗಿದ್ದು ಸಾಲದೆ, ಗಂಡ ಮಲಗಿರುವ ಮನೆಯ ಬಾಗಿಲಿಗೆ ಬಂದು ಸೌಟು ಕಟ್ಟಿ ಹಂಗಿಸುತ್ತಾರಲ್ಲ! ಕಿತ್ತು ಹಿಮದ ರಾಶಿಗೆ ಎಸೆದೆ.

ಮಧ್ಯಾಹ್ನ ಒಬ್ಬ ಹೆಂಗಸು ಪಾತ್ರೆ ಹಿಡಿದು ಬಂದಳು. ಎಲ್ಮೆನ್‌ಬಾಖಿನವಳು, ಸೇತುವೆ ಪಕ್ಕದ ಹೋಟೆಲಿನ ಶೋಂಬರ್ಟ್. ವಿಧವೆ, ದೊಡ್ಡ ತೋಳು, ದೊಡ್ಡ ದನಿ.

"ಅಯ್ಯೋ, ಸೌಟೆಲ್ಲಿ ಹೋಯ್ತು?" ಅಂತ ಬಾಗಿಲನ್ನು ನೋಡಿದಳು.

"ಹಿಮದಲ್ಲಿದೆ. ಬೇಕಾದ್ರೆ ತೊಗೊಂಡು ಹೋಗಿ."

"ಎಸೆದ್ರಾ?"

"ಎಸೀದೆ ಮುತ್ತಿಡ್ಬೇಕಿತ್ತಾ?"

ಅವಳು ನನ್ನನ್ನೊಮ್ಮೆ, ಹಿಮವನ್ನೊಮ್ಮೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾತ್ರೆಯೊಳಗಿನ ಸೂಪು ಚೆಲ್ಲುವುದರಲ್ಲಿತ್ತು. ಆಮೇಲೆ ವಿಷಯ ತಿಳಿಯಿತು. ಅವರಲ್ಲಿ ಒಂದು ಪದ್ಧತಿಯಂತೆ. ಯಾರ ಮನೆಯಲ್ಲಾದರೂ ಕಾಯಿಲೆ ಬಿದ್ದರೆ ಆ ಬಾಗಿಲಿಗೆ ಊರಿನ ಸೌಟನ್ನು ತೂಗುಹಾಕುತ್ತಾರೆ. ಸೌಟು ಇರುವ ತನಕ ಬೀದಿಯ ಮನೆಗಳು ಸರದಿಯ ಮೇಲೆ ಸೂಪು ತರಬೇಕು, ಆ ಸೌಟಿನಿಂದಲೇ ಬಡಿಸಿ, ತೊಳೆದು, ಮತ್ತೆ ಬಾಗಿಲಿಗೇ ಹಾಕಿ ಹೋಗಬೇಕು. "ಈಗ ನೀವೂ ನಮ್ಮೂರೇ ತಾನೇ, ಅದಕ್ಕೆ ಹಾಕಿದ್ವಿ" ಅಂದಳು. ಹೊಳೆಯ ಈಚೆ ಹುಟ್ಟಿ ಬೆಳೆದು ಅರವತ್ತು ದಾಟಿದ್ದೇನೆ, ಇದು ನನಗೆ ಗೊತ್ತೇ ಇರಲಿಲ್ಲ. ನಾವು ಅವರ ಬೀದಿಗೆ ಹೋದದ್ದಾದರೂ ಯಾವಾಗ, ಸಂತೆಗೆ ಬಿಟ್ಟರೆ?

ಬೇಡ ಅನ್ನಬೇಕೆಂದಿದ್ದೆ, ನನ್ನ ಬದಲು ಒಟ್ಮಾರನೇ ಒಳಗಿಂದ "ಬೇಡ" ಅಂದ. ಆ ಹೆಂಗಸು ಸೀದಾ ಒಳಗೆ ನಡೆದಳು. ಬಟಾಣಿ ಸೂಪು, ಹೊಗೆ ಹಾಕಿದ ಸಾಸೇಜಿನ ಚೂರು. ಉಪ್ಪು ಸ್ವಲ್ಪ ಜಾಸ್ತಿ. ಒಟ್ಮಾರ್ ಬಟ್ಟಲು ಖಾಲಿ ಮಾಡಿದ. ಹಿಮದಲ್ಲಿ ಸೌಟು ಹುಡುಕಲು ನಾನೂ ಬಗ್ಗಬೇಕಾಯಿತು.

ವಂದನೆ: ಒಟ್ಮಾರ್ ಹೊಟ್ಟೆ ತುಂಬ ಉಂಡ. ಯಾರ ಸೂಪು ಅನ್ನುವುದು ಬೇರೆ ಮಾತು.

೨೯ ಜನವರಿ

ಮೊದಲನೇ ಸಮಿತಿ ಸಭೆ, ಎಲ್ಮೆನ್‌ಬಾಖ್ ಪುರಭವನದಲ್ಲಿ. ನಮ್ಮ ಕಡೆಯಿಂದ ನಾನು ಮತ್ತು ಹೆನ್ನರ್ ಕ್ಲೋಸ್. ಹೆನ್ನರ್ ಒಟ್ಮಾರನ ಬಾಲ್ಯದ ಗೆಳೆಯ, ಹಂದಿ ಸಾಕುತ್ತಾನೆ, ಮಾತಿಗೆ ಮುಂಚೆ ಮೇಜು ಗುದ್ದುತ್ತಾನೆ. ಅವರ ಕಡೆಯಿಂದ ಮೇಯರು ಎಕ್‌ಹಾರ್ಟ್, ಮತ್ತು ಶಾಲೆಯಲ್ಲಿ ಚಿತ್ರ ಕಲಿಸುವ ಒಬ್ಬ ಮೇಷ್ಟರು.

ಹೆನ್ನರ್ ಶುರುವಿನಲ್ಲೇ ಗುದ್ದಿದ. "ಬಲಗಡೆ ನಮಗೆ. ಒಟ್ಮಾರ್‌ಗೆ ಮಾತು ಕೊಟ್ಟಿದ್ದೀರಿ."

"ಕೊಟ್ಟಿದ್ದೀವಪ್ಪಾ, ಇಲ್ಲ ಅಂದೋರು ಯಾರು?" ಅಂದರು ಎಕ್‌ಹಾರ್ಟ್. ಮುಖ ಹರಳೆಣ್ಣೆ ಕುಡಿದ ಹಾಗಿತ್ತು. "ಊರು ದೊಡ್ಡದು ನಮ್ಮದು, ಲಾಂಛನ ಹಳೇದು ನಮ್ಮದು, ಬಲಗಡೆ ಅಳಿಲುಗಳಿಗೆ."

"ಕದ್ದ ಸೌಟಿಗೆ ಜಾಗ ಕೊಟ್ಟಿದ್ದೇ ದೊಡ್ಡದು!"

"ಕದ್ದದ್ದಾ? ಯುದ್ಧದಲ್ಲಿ ನಿಮ್ಮೂರು ಸುಟ್ಟು ಬೂದಿಯಾದಾಗ ಚಳಿಗಾಲವೆಲ್ಲ ನಿಮ್ಮ ಮುತ್ತಜ್ಜಂದಿರಿಗೆ ಸೂಪು ಬಡಿಸಿದ ಸೌಟು ಅದು!"

"ಬರಗಾಲದಲ್ಲಿ ನಮ್ಮ ಹಂಡೆ ಸೂಪು ಕುಡಿದು, ಸಾಲದು ಅಂತ ಸೌಟನ್ನೂ ಹೊತ್ಕೊಂಡು ಹೋದ್ರಿ, ಅದು ಇದು!"

ಮೂರು ನೂರು ವರ್ಷದಿಂದ ಇದೇ ಜಗಳ. ಮೇಷ್ಟರು ಪಾಪ, ತಲೆ ಎತ್ತದೆ ಸೀಸದ ಕಡ್ಡಿಯಲ್ಲಿ ಗುರಾಣಿ ಬರೆದು ನಡುವೆ ಗೆರೆ ಎಳೆದರು. ಎಡಗಡೆ ಕೆಂಪು ನೆಲದ ಮೇಲೆ ಬೆಳ್ಳಿಯ ಸೌಟು, ಬಲಗಡೆ ಬಿಳಿ ನೆಲದ ಮೇಲೆ ಹಸಿರು ಕೊಂಬೆ, ಚಿನ್ನದ ಬಣ್ಣದ ಕಾಯಿ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ರಾಜಧಾನಿಯ ಒಪ್ಪಿಗೆ ಬರುವ ತನಕ ಕಾಯುವುದು ಬೇಡ, ವಸಂತದಲ್ಲಿ ಅಗ್ನಿಶಾಮಕ ದಳದ ಹಬ್ಬಕ್ಕೆ ಬಾವುಟ ತಯಾರಿರಬೇಕು ಅಂತ ತೀರ್ಮಾನವಾಯಿತು. ಚರ್ಚಿನ ಬಟ್ಟೆಗಳಿಗೆಲ್ಲ ರೇಷ್ಮೆ ಕಸೂತಿ ಹಾಕಿದವಳು ನಾನೇ ಆದ್ದರಿಂದ ಬಾವುಟವೂ ನನ್ನ ತಲೆಗೇ ಬಂತು. ಒಪ್ಪಿಕೊಂಡೆ. ನಮ್ಮ ಕೊಂಬೆಯನ್ನು ಬೇರೆ ಯಾರೋ ಹೊಲಿಯುವುದೆಂದರೆ ಏನು!

ಮನೆಗೆ ಬಂದು ಒಟ್ಮಾರನ ಕಿವಿಯ ಹತ್ತಿರ ಜೋರಾಗಿ ಹೇಳಿದೆ, "ಬಲಗಡೆ ನಮ್ಮದೇ, ಮೇಷ್ಟ್ರು ಬರೆದಾಯ್ತು." ಕಣ್ಣಲ್ಲಿ ನೀರು ಬಂತು, ಅವನಿಗೂ ನನಗೂ. ವಂದನೆ ಅದಕ್ಕೇ. ನಾನಿಲ್ಲದಾಗ ಶೋಂಬರ್ಟ್ ಹೆಂಗಸು ಅವನ ಹತ್ತಿರ ಕೂತಿದ್ದಳು, ಅದನ್ನೂ ಬರೆಯಬೇಕು.

೬ ಫೆಬ್ರವರಿ

ರಾತ್ರಿಯೆಲ್ಲ ಕೆಮ್ಮು, ಅವನಿಗೆ. ಬರೆಯಲು ಏನೂ ಇಲ್ಲ. ವಂದನೆಯೂ ಇಲ್ಲ, ಪಾದ್ರಿಗಳು ಏನು ಬೇಕಾದರೂ ಅಂದುಕೊಳ್ಳಲಿ.

೨೦ ಫೆಬ್ರವರಿ

ಕೆಮ್ಮು ಇಳಿಯಿತು. ದಿನಾ ಎಬ್ಬಿಸಿ ನಿಲ್ಲಿಸಬೇಕು, ಇಲ್ಲದಿದ್ದರೆ ಕಾಲು ಮರೆತುಬಿಡುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ನನ್ನಿಂದ ಎಲ್ಲಾಗುತ್ತದೆ, ಅವನು ಎಮ್ಮೆಯಷ್ಟು ಭಾರ. ಶೋಂಬರ್ಟ್ ತನ್ನ ಸರದಿ ಇರಲಿ ಬಿಡಲಿ ದಿನಾ ಬೆಳಿಗ್ಗೆ ಸೇತುವೆ ದಾಟಿ ಬರುತ್ತಾಳೆ. ಬಿಯರಿನ ಪೀಪಾಯಿ ಉರುಳಿಸಿ ಗಟ್ಟಿಯಾದ ತೋಳು. ಮೊದಲ ದಿನವೇ, "ನೀವು ಎಡಗಡೆ ಹಿಡ್ಕೊಳ್ಳಿ, ಅದು ಜೀವ ಇರೋ ಕಡೆ. ಬಲಗಡೆ ಸತ್ತ ಭಾರ, ಅದು ನನಗಿರ್ಲಿ" ಅಂದಿದ್ದಳು. ಅಂದಿನಿಂದ ಹಾಗೇ ನಡೆಯುತ್ತಿದೆ. ಅವಳು ಅವನ ಬಲಗೈಯನ್ನು ತನ್ನ ಕುತ್ತಿಗೆ ಸುತ್ತ ಹಾಕಿಕೊಂಡು, "ಎದ್ದೇಳಿ ಮೇಯರೇ, ನಿಮ್ಮ ಹಾಸೆಲ್‌ರೋಡೆ ಗಂಡಸರು ಇಷ್ಟೇನಾ?" ಅಂತ ರೇಗಿಸುತ್ತಾಳೆ. ಅವನು "ಬೇಡ, ಬೇಡ" ಅನ್ನುತ್ತಾ ಏಳುತ್ತಾನೆ. ಇವತ್ತು ಕಿಟಕಿಯ ತನಕ ಹೋದ. ಹೊಳೆ ನೋಡಿದ.

ಸೂಪು ತರುವವರ ಗುರುತೂ ಈಗ ಸಿಗುತ್ತಿದೆ. ಬೇಕರಿಯವನ ಹೆಂಡತಿಯದು ಆಲೂಗಡ್ಡೆಯದು, ತುಂಬ ಗಟ್ಟಿ. ಅಂಚೆಯವನದು ಕೋಳಿಯದು, ತುಂಬ ನೀರು, ಆದರೆ ಮನುಷ್ಯ ಕೂತು ಒಟ್ಮಾರನಿಗೆ ಫುಟ್‌ಬಾಲ್ ಸುದ್ದಿಯೆಲ್ಲ ಹೇಳುತ್ತಾನೆ. ಮೇಯರು ಎಕ್‌ಹಾರ್ಟ್ ಸ್ವತಃ ತಂದರು ಮೊನ್ನೆ! ಹೆಂಡತಿ ಮಾಡಿದ ಬೇಳೆ ಸೂಪು. ಸೌಟಿನಿಂದ ಬಡಿಸುವಾಗ ಮೇಜಿನ ಮೇಲೆಲ್ಲ ಚೆಲ್ಲಿದರು. "ನಾವಿಬ್ರೂ ಮೂವತ್ತು ವರ್ಷ ಜಗಳ ಆಡಿದ್ದೀವಿ ಆಲ್ವೀನಮ್ಮ. ಇವನು ಹಿಂಗೆ ಸುಮ್ನೆ ಮಲಗಿದ್ರೆ ನನಗೆ ದಿನ ಹೋಗೋದೇ ಇಲ್ಲ" ಅಂದರು. ನಾನು ಬಟ್ಟೆ ತಂದು ಮೇಜು ಒರೆಸಿದೆ.

ನಮ್ಮ ಬೀದಿಯವರು ಬರುವುದಿಲ್ಲವೆಂದಲ್ಲ. ಬರುತ್ತಾರೆ, ಬಾಗಿಲಲ್ಲೇ ನಿಂತು ಅಯ್ಯೋ ಪಾಪ ಅಂದು ಹೋಗುತ್ತಾರೆ. ನಾನೂ ಯಾವತ್ತೂ ಹಾಗೇ ಮಾಡಿದವಳು. ನಮ್ಮಲ್ಲಿ ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕೈ ಹಾಕುವುದು ಮರ್ಯಾದೆಯಲ್ಲ.

ವಂದನೆ: ಕಿಟಕಿಯ ತನಕ. ಬೇಳೆ ಸೂಪಿಗೂ.

೧೨ ಮಾರ್ಚ್

ಕೊಂಬೆ ಮುಗಿಯಿತು. ಎಲೆಗೆ ಮೂರು ಥರದ ಹಸಿರು ದಾರ ಹಾಕಿದ್ದೇನೆ, ಕಾಯಿಗೆ ಹಳದಿ. ಸೌಟಿಗೆ ಬೆಳ್ಳಿ ದಾರ. ಅದನ್ನು ಬೇಗ ಬೇಗ ಮುಗಿಸಿಬಿಡಬೇಕೆಂದಿದ್ದೆ, ಆದರೆ ನೋಡಿದರೆ ಕೊಂಬೆಗಿಂತ ಅದಕ್ಕೇ ಹೆಚ್ಚು ದಿನ ಹಿಡಿಯಿತು. ಬಾಗಿಲಲ್ಲಿರುವುದನ್ನು ತಂದು ಮುಂದಿಟ್ಟುಕೊಂಡು ಹೊಲಿದೆ. ಬೆಳ್ಳಿ ದಾರ ಬೇಗ ಎಳೆ ಬಿಡುತ್ತದೆ, ಅದಕ್ಕೇ ತಡವಾದದ್ದು.

ಸಂಜೆ ಶೋಂಬರ್ಟ್ ಬಂದು ನೋಡಿದಳು. ಬೆರಳಿನಿಂದ ಸೌಟಿನ ಹಿಡಿಯನ್ನು ಮೆಲ್ಲಗೆ ಸವರಿದಳು. ನಾನು ಕಪಾಟಿನಿಂದ ಪ್ಲಮ್ ಬ್ರಾಂದಿ ತೆಗೆದು ಎರಡು ಲೋಟಕ್ಕೆ ಬಗ್ಗಿಸಿದೆ. ಏಕವಚನದಲ್ಲಿ ಮಾತಾಡೋಣವೇ ಅಂತ ವಯಸ್ಸಿನಲ್ಲಿ ದೊಡ್ಡವರೇ ಮೊದಲು ಕೇಳಬೇಕು, ನಾನು ಏಳು ವರ್ಷ ದೊಡ್ಡವಳು, ಇಷ್ಟು ದಿನ ಬಿಗುಮಾನ ಮಾಡಿಕೊಂಡು ಕೂತಿದ್ದೆ.

"ನಾನು ಆಲ್ವೀನ. ಇನ್ಮೇಲೆ ನೀವು ಗೀವು ಎಲ್ಲ ಬೇಡ."

"ನಾನು ಟಿಲ್ಲಿ. ಸದ್ಯ ಕೇಳಿದೆಯಲ್ಲ ಮಾರಾಯ್ತಿ! ಈಸ್ಟರ್ ತನಕ ಕಾಯ್ಬೇಕೇನೋ ಅಂದ್ಕೊಂಡಿದ್ದೆ."

ಇಬ್ಬರೂ ಕುಡಿದೆವು. ಗಂಟಲು ಸುಟ್ಟಿತು. ಒಟ್ಮಾರನಿಗೂ ಒಂದು ಹನಿ ಕೊಟ್ಟೆವು, "ಬೇಡ" ಅಂತ ತುಟಿ ನೆಕ್ಕಿಕೊಂಡ. ನಗು ತಡೆಯಲಾಗಲಿಲ್ಲ. ಈ ಮನೆಯಲ್ಲಿ ಎಷ್ಟು ದಿನವಾಗಿತ್ತು ನಕ್ಕು, ಸ್ವಾಮಿ.

೨೮ ಮಾರ್ಚ್

ಈಗಷ್ಟೇ ಸಭೆಯಿಂದ ಬಂದೆ. ಎಲ್ಲಾ ಸರಿಯಾಗಿ ಬರೆದಿಡುತ್ತೇನೆ.

ಲಾಂಛನಗಳನ್ನು ಪರೀಕ್ಷೆ ಮಾಡುವ ಪಂಡಿತರು ಸಭೆಗೆ ಬಂದಿದ್ದರು. ಡಾಕ್ಟರ್ ವೀಗಾಂಡ್ ಅಂತ, ಸಣ್ಣ ಆಳು, ನೆಗಡಿ ಆಗಿತ್ತು. ಒಳ್ಳೆಯ ಮನುಷ್ಯ. ಮೊದಲು ಸೌಟಿನ ವಿಷಯ ಬಂತು. ಅರ್ಥ ಏನೆಂದು ಬರೆಯಬೇಕಲ್ಲ, ಎಕ್‌ಹಾರ್ಟ್ ತಮ್ಮ ಕಥೆ ಹೇಳಿದರು, ಹೆನ್ನರ್ ನಮ್ಮ ಕಥೆ ಹೇಳಿದ. ಪಂಡಿತರು ಮೂಗು ಒರೆಸಿಕೊಂಡರು.

"ಎರಡೂ ಅಲ್ಲದೆ ಇರಬಹುದು. ಹಿಂದೆ ನಿಮ್ಮ ಹೊಳೆ ದಂಡೆಯಲ್ಲಿ ಕಬ್ಬಿಣದ ಕುಲುಮೆ ಇತ್ತಲ್ಲ? ಹಳೇ ಮುದ್ರೆಯಲ್ಲಿ ಹಿಡಿ ತುಂಬ ಉದ್ದ ಇದೆ. ಕರಗಿದ ಕಬ್ಬಿಣ ಹುಯ್ಯೋ ಸೌಟು ಇರಬಹುದು. ಬರೆದಿಟ್ಟದ್ದು ಏನೂ ಇಲ್ಲ, ನನ್ನ ಊಹೆ ಅಷ್ಟೆ."

ಎರಡು ಕಡೆಯವರೂ ಒಟ್ಟಿಗೆ ಎದ್ದು ನಿಂತರು. ಹೊಳೆಯ ಎರಡು ದಡ ಒಂದೇ ಮಾತು ಆಡಿದ್ದನ್ನು ನಾನು ಇದೇ ಮೊದಲ ಸಲ ನೋಡಿದ್ದು.

"ನಮ್ಮಜ್ಜಿ ಸುಳ್ಳು ಹೇಳಿದ್ಲಾ ಹಾಗಾದ್ರೆ?" ಅಂದರು ಎಕ್‌ಹಾರ್ಟ್.

"ಹುಟ್ಟಿದಾಗಿನಿಂದ ಕದ್ದ ಸೌಟು ಅಂತ ಬೈದಿದ್ದೀನಿ ಸ್ವಾಮಿ! ಈಗ ಕುಲುಮೆದು ಅಂದ್ರೆ ಬೈದದ್ದೆಲ್ಲ ದಂಡಾನಾ?" ಅಂದ ಹೆನ್ನರ್.

ನಾನು ಯಾಕೆ ಎದ್ದೆನೋ ಗೊತ್ತಿಲ್ಲ. ಎದ್ದುಬಿಟ್ಟಿದ್ದೆ. "ಡಾಕ್ಟ್ರೇ, ಆ ಸೌಟು ಜನವರಿಯಿಂದ ನಮ್ಮನೆ ಬಾಗಿಲಲ್ಲಿ ತೂಗ್ತಿದೆ. ನನ್ನ ಗಂಡನ ಜೀವ ಉಳಿದಿರೋದು ಅದರಿಂದ ಬಡಿಸಿದ್ದು ತಿಂದು. ಹಿಂದೆ ಏನಾಗಿತ್ತೋ ನನಗೆ ಗೊತ್ತಿಲ್ಲ. ಈಗ ಅದು ಸೂಪಿನ ಸೌಟು. ಹಾಗಂತ ಬರ್ಕೊಳ್ಳಿ."

ಅವರು ಪೆನ್ನು ತೆಗೆದು ನಿಜವಾಗಿಯೂ ಬರೆದುಕೊಂಡರು. ಎಕ್‌ಹಾರ್ಟ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು, ಅವರಿಗೆ ನೆಗಡಿ ಏನೂ ಇರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ಬಾವುಟ ಬಿಚ್ಚಿ ತೋರಿಸಿದೆ. ಪಂಡಿತರು ಮೆಚ್ಚಿಕೊಂಡು, "ಓ, ಮರ್ಯಾದೆಯ ಕಡೆ ಸೌಟಿಗೆ ಕೊಟ್ಟಿದ್ದೀರಿ" ಅಂದರು.

"ಇಲ್ಲ ಇಲ್ಲ, ಬಲಗಡೆ ಕೊಂಬೆ ಇದೆಯಲ್ಲ, ನೋಡಿ" ಅಂದೆ.

"ಗುರಾಣಿಯ ಎಡ ಬಲ ನೋಡೋರದ್ದಲ್ಲಮ್ಮ, ಹಿಡಿಯೋರದ್ದು. ಅದನ್ನ ಎದೆ ಮುಂದೆ ಹಿಡ್ಕೊಳ್ಳಿ. ಈಗ ನಿಮ್ಮ ಬಲಗೈ ಕಡೆ ಏನಿದೆ?"

ಹಿಡಿದು ಬಗ್ಗಿ ನೋಡಿದೆ. ನನ್ನ ಬಲಗೈಯ ಕೆಳಗೆ ಸೌಟಿತ್ತು.

ಮೇಷ್ಟರ ಮುಖ ಸುಣ್ಣವಾಯಿತು. ಎರಡು ಊರಿನವರು ಸೇರಿ, ಒಬ್ಬರು ಬಲಗಡೆ ಸಿಕ್ಕಿತೆಂದು ಹಿಗ್ಗಿ, ಇನ್ನೊಬ್ಬರು ಹೋಯಿತೆಂದು ಮುಲುಗಿ, ಎಲ್ಲರೂ ತಪ್ಪು ಕಡೆಗೆ ಹಿಗ್ಗಿದ್ದೆವು, ತಪ್ಪು ಕಡೆಗೆ ಮುಲುಗಿದ್ದೆವು. ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆ.

"ಬಿಚ್ಚು ಆಲ್ವೀನ! ಎಲ್ಲಾ ಬಿಚ್ಚಿ ತಿರುಗಿಸು!" ಅಂತ ಹೆನ್ನರ್ ಕೂಗಿದ. ಎಕ್‌ಹಾರ್ಟ್ ಕೂಡ, ಇದನ್ನು ನಾನು ಎಂದಿಗೂ ಮರೆಯುವುದಿಲ್ಲ, "ಬಿಚ್ಚಿ ಆಲ್ವೀನಮ್ಮ. ಒಟ್ಮಾರ್‌ಗೆ ಕೈ ಮೇಲೆ ಕೈಯಿಟ್ಟು ಹೇಳಿದ್ದೀನಿ, ಬಲಗಡೆ ನಿಮ್ಮದು ಅಂತ" ಅಂದರು. ಎರಡು ಥರ ಮಾಡಿದರೂ ತಪ್ಪಿಲ್ಲ, ಮುಂದಿನ ವಾರ ಊರಿನವರೇ ತೀರ್ಮಾನ ಮಾಡಿ ತಿಳಿಸಿ ಅಂತ ಪಂಡಿತರು ಹೇಳಿ ಹೋದರು.

೨೯ ಮಾರ್ಚ್

ಬೆಳಿಗ್ಗೆ ಸಣ್ಣ ಕತ್ತರಿ ಹಿಡಿದು ಕೂತೆ. ಒಂದು ಎಳೆಯನ್ನೂ ಬಿಚ್ಚಲಿಲ್ಲ. ಬಿಳಿ ರೇಷ್ಮೆ, ಬಿಚ್ಚಿದರೆ ತೂತು ಕಾಣುತ್ತದೆ, ಬಟ್ಟೆ ಹಾಳು.

ಆಮೇಲೆ ಟಿಲ್ಲಿ ಬಂದಳು. ಒಟ್ಮಾರ್ ಈಗ ಎಡಗೈಯಲ್ಲಿ ಕೋಲು ಹಿಡಿಯುತ್ತಾನೆ, ಆ ಕಡೆ ನಾನು ಬೇಕಾಗಿಲ್ಲ. "ನೀನು ಮುಂದೆ ನಿಂತ್ಕೋ, ನಿನ್ನನ್ನ ನೋಡ್ಕೊಂಡು ಬರ್ಲಿ" ಅಂದಳು. ನಾನು ಕಿಟಕಿಯ ಹತ್ತಿರ ಹೋಗಿ ಅವನಿಗೆ ಎದುರಾಗಿ ನಿಂತೆ. ಅವನು ಬಂದ. ಅವಳು ಅವನ ಬಲಗಡೆ, ಸತ್ತ ಕೈ ಅವಳ ಕುತ್ತಿಗೆಯ ಮೇಲೆ. ನನ್ನ ಕಣ್ಣಿಗೆ ಅವಳು ಎಡಗಡೆ ಕಾಣುತ್ತಿದ್ದಳು. ನಾಲ್ಕು ತಿಂಗಳಿಂದ ಇದೇ ಮನುಷ್ಯನಿಗೆ ಎದುರು ನಿಂತು ಅಂಗಿ ತೊಡಿಸುತ್ತಿದ್ದೇನೆ, ಅವನ ಬಲ ನನ್ನ ಎಡ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಬಾವುಟ ಹೊಲಿಯುವಾಗ ಈ ಬುದ್ಧಿ ಎಲ್ಲಿ ಹೋಗಿತ್ತು?

"ಯಾಕೆ ಅಳ್ತೀಯ?" ಅಂದಳು ಟಿಲ್ಲಿ.

"ಬಿಸಿಲು ಕಣ್ಣಿಗೆ ಹೊಡೀತಿದೆ" ಅಂದೆ.

೪ ಏಪ್ರಿಲ್

ಆಗಿಹೋಯಿತು. ಒಳ್ಳೆಯದಾಯಿತೋ ಕೆಟ್ಟದಾಯಿತೋ ನನಗೆ ತಿಳಿಯದು.

ಸಭೆಯಲ್ಲಿ ಎಕ್‌ಹಾರ್ಟ್ ಕೇಳಿದರು, "ಬಿಚ್ಚಿದ್ರಾ?" ನಾನು ಬಾವುಟವನ್ನು ಹಾಗೇ ಮೇಜಿನ ಮೇಲೆ ಹರಡಿದೆ.

"ಬಿಚ್ಚಲ್ಲ. ಹಿಡಿಯೋನ ಬಲಗಡೆ ಸೌಟೇ ಇರ್ಲಿ. ನಮ್ಮನೆಯಲ್ಲಿ ಒಬ್ಬ ಇದ್ದಾನೆ, ಅವನ ಬಲಗಡೆ ಬಿದ್ದುಹೋಗಿದೆ. ಆ ಕಡೆ ಬಂದು ಹೆಗಲು ಕೊಟ್ಟೋರು ಯಾರು ಅಂತ ದಿನಾ ನೋಡ್ತಿದ್ದೀನಿ. ನಾನು ಎಡಗಡೆ ಇದ್ದೆ. ನನಗೆ ಅದೇ ಸಾಕು. ಹಾಸೆಲ್‌ರೋಡೆಗೂ ಸಾಕು."

ಎಕ್‌ಹಾರ್ಟ್, "ನನ್ನ ಮಾತು ತಪ್ಪಿದ ಹಾಗಾಗುತ್ತಲ್ಲಮ್ಮ" ಅಂದರು ಸಣ್ಣ ದನಿಯಲ್ಲಿ. ತಪ್ಪಿಸಿದವಳು ನಾನು, ನೀವಲ್ಲ ಅಂದೆ. ಮೇಷ್ಟರು ಕೈ ಎತ್ತಿದರು, ನಾನು ಎತ್ತಿದೆ, ಎಕ್‌ಹಾರ್ಟ್ ಬಹಳ ಹೊತ್ತಿನ ಮೇಲೆ ಎತ್ತಿದರು. ಹೆನ್ನರ್ ಎದ್ದ.

"ಒಟ್ಮಾರ್ ಉಳಿಸಿದ್ದನ್ನ ಅವನ ಹೆಂಡತಿನೇ ದಾನ ಮಾಡಿದ್ಲು! ಅವನ ಬಾಯಿ ಬಿದ್ದಿದೆ ಅಂತ ತಾನೇ? ಅವನನ್ನ ಒಂದ್ ಮಾತು ಕೇಳಿದ್ಯಾ?"

ಬಾಗಿಲು ಬಡಿದ ಸದ್ದಿಗೆ ಗೋಡೆಯ ಮೇಲಿದ್ದ ಪಟ ಅಲುಗಿತು.

ಕೇಳಿರಲಿಲ್ಲ. ಅವನು ಹೇಳಿದ್ದು ಸರಿ. ಕೇಳಿದ್ದರೆ ಒಟ್ಮಾರ್ ಬೇಡ ಅನ್ನುತ್ತಿದ್ದ. ಆ ಬೇಡ ನಿಜವಾದ ಬೇಡವೋ, ಬರೀ ಬಾಯಿಗೆ ಬರುವ ಬೇಡವೋ ಅಂತ ತಿಳಿಯದೆ ನಾನು ಸಾಯಬೇಕಿತ್ತು. ಅದಕ್ಕೇ ಕೇಳಲಿಲ್ಲ. ಈಗ ಹೇಳುವುದಕ್ಕೂ ಧೈರ್ಯವಿಲ್ಲ. ಮನೆಗೆ ಬಂದಾಗ ಅವನು ಬಾಗಿಲ ಕಡೆ ನೋಡುತ್ತಾ ಕೂತಿದ್ದ. ಚಳಿ, ಬೇಗ ಮಲಗು ಅಂದೆ, ಅಷ್ಟೆ. ಅವನು ಆರೋಗ್ಯವಾಗಿದ್ದಾಗ ಅವನಿಂದ ಏನನ್ನೂ ಮುಚ್ಚಿಟ್ಟವಳಲ್ಲ ನಾನು.

ವಂದನೆ: ಹೆನ್ನರ್‌ನಂಥ ಗೆಳೆಯ ಅವನಿಗಿದ್ದಾನೆ. ನನ್ನ ಮೇಲೆ ರೇಗಿದರೂ.

೭ ಏಪ್ರಿಲ್, ಭಾನುವಾರ

ಚರ್ಚು ಬಿಟ್ಟ ಮೇಲೆ ಹೆನ್ನರ್ ಬಂದ. ಹಬ್ಬದ ಕೋಟು, ಕೈಯಲ್ಲಿ ಟೋಪಿ. ನನ್ನ ಮುಖ ನೋಡಲಿಲ್ಲ. "ಅವನ ಹತ್ರ ಮಾತಾಡ್ಬೇಕು" ಅಂದ. ತಡೆಯಬೇಕೆಂದುಕೊಂಡೆ, ತಡೆಯಲಿಲ್ಲ. ಹೇಳಬೇಕಾದವಳು ನಾನು, ಹೇಳಲಾಗದೆ ಮೂರು ದಿನ ಕಳೆದಿದ್ದೆ. ಯಾರಾದರೂ ಹೇಳಲಿ ಅನ್ನಿಸಿತು. ಟಿಲ್ಲಿ ಒಳಗೆ ಕ್ಯಾರೆಟ್ ಹೆಚ್ಚುತ್ತಿದ್ದಳು.

ಒಟ್ಮಾರ್ ಕಿಟಕಿಯ ಕುರ್ಚಿಯಲ್ಲಿದ್ದ. ಹೆನ್ನರ್ ಎದುರು ಕೂತು ಎಲ್ಲ ಹೇಳಿದ. ಗುರಾಣಿಯ ಬಲ ಯಾವುದು, ಎಡ ಯಾವುದು, ಪಂಡಿತರು ಏನಂದರು, ನಾನು ಏನಂದೆ, ಯಾರು ಯಾರು ಕೈ ಎತ್ತಿದರು. ಒಂದನ್ನೂ ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ. ಒಟ್ಮಾರ್ ಮಧ್ಯೆ ಮಧ್ಯೆ ಬೇಡ ಅನ್ನುತ್ತಿದ್ದ, ಬೇರೆಯವರು ಹೂಂ ಅನ್ನುವ ಹಾಗೆ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಈಗ ನೀನು ಹೇಳು" ಅಂದ ಹೆನ್ನರ್. "ಅರ್ಜಿ ಇನ್ನೂ ಹೋಗಿಲ್ಲ. ನಾನು ನಾಳೆ ಹೋಗಿ ಬದಲಾಯಿಸ್ಲಾ? ಬಲಗಡೆ ನಮಗೇ ಬರೋ ಹಾಗೆ ಮಾಡ್ಲಾ?"

"ಬೇಡ."

ಹೆನ್ನರ್ ನನ್ನ ಕಡೆ ತಿರುಗಿದ. "ಇದನ್ನ ಏನಂತ ತೊಗೊಳ್ಳೋದು? ಇವನು ಎಲ್ಲಕ್ಕೂ ಬೇಡ ಅಂತಾನೆ."

"ಎಲ್ಲಕ್ಕೂ ಅಂತಾನೆ" ಅಂದೆ.

ಅವನು ಸ್ವಲ್ಪ ಹೊತ್ತು ಟೋಪಿಯ ಅಂಚನ್ನು ತಿರುಗಿಸುತ್ತಾ ಕೂತ. ಆಮೇಲೆ ಮುಂದೆ ಬಗ್ಗಿ, ಒಟ್ಮಾರನ ಮಂಡಿಯ ಮೇಲೆ ಕೈಯಿಟ್ಟು, ಮಗುವಿಗೆ ಕೇಳುವ ಹಾಗೆ ನಿಧಾನವಾಗಿ ಕೇಳಿದ.

"ಹಾಗಾದ್ರೆ ಈಗ ಹೆಂಗಿದೆಯೋ ಹಂಗೇ ಇರ್ಲಾ? ನಿನ್ನ ಬಲಗಡೆ ಅವರ ಸೌಟು?"

ಒಟ್ಮಾರ್ ಅವನನ್ನು ನೋಡಿದ. ಬಾಯಿ ತೆರೆಯಲಿಲ್ಲ. ನಾನು ಆ ಶಬ್ದಕ್ಕಾಗಿ ಕಾದೆ, ಹೆನ್ನರ್ ಕಾದ, ಒಳಗೆ ಟಿಲ್ಲಿಯ ಚಾಕುವೂ ನಿಂತಿತು. ಬರಲಿಲ್ಲ. ತುಟಿ ಬಿಗಿದು ಕೂತಿದ್ದ, ಸಭೆಯಲ್ಲಿ ತೀರ್ಮಾನ ಮುಗಿದ ಮೇಲೆ ಕೂರುತ್ತಿದ್ದ ಹಾಗೆ. ಹೆನ್ನರ್ ಮತ್ತೊಮ್ಮೆ ಕೇಳಿದ. ಆಗಲೂ ಬರಲಿಲ್ಲ.

"ಸರಿ ಬಿಡು, ಮೇಯರು ಹೇಳಿಯಾಯ್ತು" ಅಂದ ಹೆನ್ನರ್. ಎದ್ದು ನನ್ನ ಹತ್ತಿರ ಬಂದು ಭುಜ ತಟ್ಟಿದ. ಟಿಲ್ಲಿ ಒಳಗಿಂದಲೇ, "ಅಳಿಲಪ್ಪಾ, ಉಂಡು ಹೋಗು, ಸೂಪು ಎಲ್ಲರಿಗೂ ಆಗುತ್ತೆ" ಅಂತ ಕೂಗಿದಳು. ಉಂಡೇ ಹೋದ.

ನವೆಂಬರಿನಿಂದ ದಿನಾ ಮಂಡಿಯೂರಿ ಬೇಡಿದ್ದೇನೆ, ಅವನ ಬಾಯಿಂದ ಇನ್ನೊಂದು ಮಾತು ಬರಲಿ, ಒಂದೇ ಒಂದು ಬರಲಿ ಅಂತ. ದೇವರೇ, ಇವತ್ತು ಅವನು ಸುಮ್ಮನಿದ್ದನಲ್ಲ, ಅದಕ್ಕೆ ನಿನಗೆ ವಂದನೆ.